ಪೇರೆಂಟ್ ಫ್ರೇಮ್: ಪರಿಣತ ವ್ಯವಸ್ಥೆಯಲ್ಲಿ ಮತ್ತು ಕಟ್ಟಡದಲ್ಲಿ ಒಂದೇ ಅರ್ಥವೇ?

ಪ್ರಶ್ನೆ: ಎಕ್ಸ್‌ಪರ್ಟ್ ಸಿಸ್ಟಮ್ (ಪರಿಣತ ವ್ಯವಸ್ಥೆ, ಅಂದರೆ ತಜ್ಞರ ತಿಳಿವಳಿಕೆಯನ್ನು ತುಂಬಿಕೊಂಡು ಸಲಹೆ ಕೊಡುವ ಕಂಪ್ಯೂಟರ್ ಪ್ರೋಗ್ರಾಂ) ಕುರಿತ ಪಾಠದಲ್ಲಿ ‘ಪೇರೆಂಟ್ ಫ್ರೇಮ್’ ಎಂಬ ಮಾತು ಬರುತ್ತದೆ. ಭೂಕಂಪ ನಿರೋಧಕ ಕಟ್ಟಡಗಳ ಬಗ್ಗೆ ಓದುವಾಗಲೂ ಅದೇ ಮಾತು ಕಣ್ಣಿಗೆ ಬಿತ್ತು. ಎರಡೂ ಒಂದೇ ಏನು?

ಉತ್ತರ: ಒಂದೇ ಅಲ್ಲ. ಒಂದು ಮೂಲ, ಅದನ್ನು ಆಶ್ರಯಿಸಿ ನಿಂತ ಇನ್ನೊಂದು ಎಂಬ ಸಂಬಂಧ ಎರಡು ಕಡೆಯೂ ಇದೆ. ಆದರೆ ಆಶ್ರಯಿಸಿದ್ದು ಮೂಲವನ್ನು ಬದಲಿಸುತ್ತದೆಯೇ ಎಂದು ಕೇಳಿಕೊಂಡರೆ ಎರಡರ ದಾರಿಯೂ ಬೇರೆಯಾಗುತ್ತದೆ.

ಪರಿಣತ ವ್ಯವಸ್ಥೆಯ ಫ್ರೇಮ್ ಎಂದರೆ ಒಂದು ವಸ್ತು ಅಥವಾ ಸನ್ನಿವೇಶದ ಬಗೆಗಿನ ತಿಳಿವಳಿಕೆಯನ್ನು ತುಂಬಿಡುವ ಪಟ್ಟಿ. ಕೃತಕ ಬುದ್ಧಿಮತ್ತೆಯ ಸಂಶೋಧಕ ಮಾರ್ವಿನ್ ಮಿನ್ಸ್ಕಿ ಈ ಕಲ್ಪನೆಯನ್ನು 1974ರಲ್ಲಿ ಮಂಡಿಸಿದರು. ಪಟ್ಟಿಯ ಒಂದೊಂದು ಖಾನೆಗೂ ಸ್ಲಾಟ್ ಎಂದು ಹೆಸರು. ಕಟ್ಟಡದ ಉದಾಹರಣೆಯನ್ನೇ ತೆಗೆದುಕೊಂಡರೆ, ‘ಕಾಂಕ್ರೀಟ್ ಮೊಮೆಂಟ್ ಫ್ರೇಮ್’ ಎಂಬ ಪೇರೆಂಟ್‌ನಲ್ಲಿ, ಅಂದರೆ ಮೂಲ ಪಟ್ಟಿಯಲ್ಲಿ, ಸಾಮಗ್ರಿ ಬಲವರ್ಧಿತ ಕಾಂಕ್ರೀಟ್, ಪಕ್ಕದಿಂದ ಬರುವ ಬಲವನ್ನು ತಡೆಯುವುದು ಕಂಬ ಮತ್ತು ತೊಲೆಗಳ ಬಾಗುವಿಕೆಯಿಂದ ಎಂದು ಒಮ್ಮೆ ಬರೆದಿಟ್ಟರೆ ಸಾಕು. ವಿಶೇಷ, ಮಧ್ಯಮ, ಸಾಧಾರಣ ಎಂಬ ಮೂರು ಚೈಲ್ಡ್ ಫ್ರೇಮ್‌ಗಳು, ಅಂದರೆ ಅದರ ಬಗೆಗಳ ಪಟ್ಟಿಗಳು, ಇವನ್ನು ಬಳುವಳಿಯಾಗಿ ಪಡೆದು, ತಮ್ಮದೇ ಆದ ಅಂಶಗಳನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಉದಾಹರಣೆಗೆ, ವಿನ್ಯಾಸದ ಭೂಕಂಪ ಬಲವನ್ನು ಎಷ್ಟರಿಂದ ಭಾಗಿಸಿ ತಗ್ಗಿಸಬಹುದು ಎಂಬುದನ್ನು ಹೇಳುವ ‘ಆರ್’ ಗುಣಾಂಕ, ಅಮೆರಿಕದ ಎಎಸ್‌ಸಿಇ 7 ಮಾನದಂಡದಂತೆ, ಈ ಮೂರಕ್ಕೆ ಕ್ರಮವಾಗಿ 8, 5 ಮತ್ತು 3. ಚೈಲ್ಡ್ ತನ್ನ ಖಾನೆಯಲ್ಲಿ ಏನೇ ಬರೆದುಕೊಂಡರೂ ಪೇರೆಂಟ್‌ನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಈ ಬಳುವಳಿಯಲ್ಲಿ ಅಪಾಯವೂ ಇದೆ. ಬೆಸುಗೆ ಹಾಕಿದ ಉಕ್ಕಿನ ಮೊಮೆಂಟ್ ಫ್ರೇಮ್‌ಗಳು ಮುರಿಯದೆ ಬಾಗಿ ತಾಳಿಕೊಳ್ಳುತ್ತವೆ ಎಂದು ಎಂಜಿನಿಯರುಗಳು ನಂಬಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1994ರ ಜನವರಿ 17ರಂದು ಆದ ನಾರ್ತ್‌ರಿಜ್ ಭೂಕಂಪದ ನಂತರ ಹೊದಿಕೆಗಳನ್ನು ಬಿಚ್ಚಿ ನೋಡಿದಾಗ, ತೊಲೆಯು ಕಂಬವನ್ನು ಸೇರುವ ಕಡೆ, ಅದರಲ್ಲೂ ತೊಲೆಯ ಕೆಳಪಟ್ಟಿಯ ಬೆಸುಗೆಯಲ್ಲಿ, ಅನೇಕ ಕಟ್ಟಡಗಳಲ್ಲಿ ಬಿರುಕು ಕಂಡಿತು. ಅಂಥ ನಂಬಿಕೆ ಪೇರೆಂಟ್‌ನ ಸ್ಲಾಟ್‌ನಲ್ಲಿ ಕೂತಿದ್ದರೆ, ಅದರ ಕೆಳಗಿನ ಪ್ರತಿಯೊಂದು ಚೈಲ್ಡ್ ಕೂಡ ಆ ತಪ್ಪನ್ನು ಸದ್ದಿಲ್ಲದೆ ಪಡೆದಿರುತ್ತಿತ್ತು. ತಿದ್ದುವುದು ಒಂದೇ ಕಡೆ ಎಂಬುದು ಮಾತ್ರ ಅನುಕೂಲ.

ಕಟ್ಟಡದಲ್ಲಿ ಪೇರೆಂಟ್ ಫ್ರೇಮ್ ಎಂದರೆ ಗೋಡೆ, ಓರೆಯಾಗಿ ಕೂರಿಸುವ ಬ್ರೇಸ್, ಅಲುಗಾಟ ತಗ್ಗಿಸುವ ಡ್ಯಾಂಪರ್ ಮುಂತಾದವನ್ನು ಸೇರಿಸುವ ಮೊದಲಿನ ಕಂಬ ಮತ್ತು ತೊಲೆಗಳ ಮೂಲ ಚೌಕಟ್ಟು. ಇಲ್ಲಿ ಸೇರಿಕೊಂಡದ್ದು ಮೂಲವನ್ನು ಇದ್ದಂತೆ ಬಿಡುವುದಿಲ್ಲ. 3 ಮೀಟರ್ ಎತ್ತರದ ಎರಡು ಕಂಬಗಳ ನಡುವೆ ಕಿಟಕಿಗೆ ಜಾಗ ಬಿಟ್ಟು, 1.5 ಮೀಟರ್ ಎತ್ತರದವರೆಗೆ ಇಟ್ಟಿಗೆ ಗೋಡೆಯನ್ನು ಕಂಬಕ್ಕೆ ಒತ್ತಿ ಕಟ್ಟಿದರೆಂದುಕೊಳ್ಳಿ. ನೆಲ ಅಲುಗಿದಾಗ ಆ ಕಂಬಗಳಿಗೆ ಬಾಗಲು ಉಳಿಯುವುದು ಮೇಲಿನ ಅರ್ಧ ಮಾತ್ರ. ಕಂಬದ ಬಿಗುವು, ಅಂದರೆ ಬಾಗದೆ ತಡೆಯುವ ಗುಣ, ಎತ್ತರದ ಘನಕ್ಕೆ ವಿಲೋಮವಾದ್ದರಿಂದ, ಎತ್ತರ ಅರ್ಧವಾದರೆ ಬಿಗುವು ಸುಮಾರು ಎಂಟು ಪಟ್ಟಾಗುತ್ತದೆ. ಬಲ ಹಂಚಿಕೆಯಾಗುವುದು ಬಿಗುವಿನ ಪ್ರಮಾಣದಲ್ಲಿ. ಹೀಗಾಗಿ ಅದೇ ಮಹಡಿಯ ಉಳಿದ ಕಂಬಗಳಿಗಿಂತ ಎಷ್ಟೋ ಹೆಚ್ಚು ಬಲವನ್ನು ಇವು ಮೈಮೇಲೆ ಎಳೆದುಕೊಂಡು, ಕಿಟಕಿಯ ಪಕ್ಕದಲ್ಲೇ ಗುಣಾಕಾರ ಚಿಹ್ನೆಯಂತೆ ಓರೆಯಾಗಿ ಸೀಳುತ್ತವೆ. ‘ಗಿಡ್ಡ ಕಂಬ’ದ ಈ ವೈಫಲ್ಯವನ್ನು ಭೂಕಂಪದ ನಂತರದ ಪರಿಶೀಲನೆಗಳು ಮತ್ತೆ ಮತ್ತೆ ದಾಖಲಿಸಿವೆ. ಲೆಕ್ಕದಲ್ಲಿ ತೂಕವಾಗಿ ಮಾತ್ರ ಬಂದಿದ್ದ ಗೋಡೆಯೊಂದು ಲೆಕ್ಕ ಹಾಕಿ ಕಟ್ಟಿದ ಕಂಬವನ್ನು ಮುರಿಯುತ್ತದೆ ಎಂಬುದು ನನ್ನನ್ನು ಈಗಲೂ ಕಾಡುವ ಸಂಗತಿ. ಗೋಡೆ ಮತ್ತು ಕಂಬದ ನಡುವೆ ಸಾಕಷ್ಟು ಸಂದು ಬಿಡಬೇಕು. ಇಲ್ಲವೇ ಗೋಡೆಯನ್ನೂ ಲೆಕ್ಕಕ್ಕೆ ಸೇರಿಸಿ, ಕಂಬದ ಪೂರ್ತಿ ಎತ್ತರಕ್ಕೂ ಕಬ್ಬಿಣದ ಉಂಗುರಗಳನ್ನು ಒತ್ತೊತ್ತಾಗಿ ಹಾಕಬೇಕು. ಬ್ರೇಸ್ ಸೇರಿಸಿದರೂ ಅಷ್ಟೇ: ಅದು ತಡೆದ ಬಲ ಎಳೆತ ಮತ್ತು ಒತ್ತಡವಾಗಿ ಪಕ್ಕದ ಕಂಬಕ್ಕೆ, ಅಲ್ಲಿಂದ ಅಡಿಪಾಯಕ್ಕೆ ಇಳಿಯುತ್ತದೆ.

ಹಾಗಾಗಿ ಕಟ್ಟಡಗಳನ್ನು ಬಲಪಡಿಸಲು ಸಲಹೆ ಕೊಡುವ ಪರಿಣತ ವ್ಯವಸ್ಥೆಯನ್ನು ಬರೆಯುವವರು ಗೋಡೆಯನ್ನು ಚೌಕಟ್ಟಿನ ಚೈಲ್ಡ್ ಫ್ರೇಮ್ ಆಗಿಸಬಾರದು. ಗೋಡೆ ಚೌಕಟ್ಟಿನ ಒಂದು ಬಗೆಯಲ್ಲ, ಅದರೊಳಗೆ ಸೇರಿದ ಭಾಗ. ಅದಕ್ಕೆ ‘ಭಾಗ’ ಎಂಬ ಬೇರೆಯೇ ಸಂಬಂಧವನ್ನು ಕೊಟ್ಟು, ಆ ಸ್ಲಾಟ್ ತುಂಬಿದ ಕ್ಷಣವೇ ಕಂಬಗಳ ಮುಕ್ತ ಎತ್ತರ, ಬಿಗುವು ಮತ್ತು ಕಟ್ಟಡದ ಕಂಪನಾವಧಿಯನ್ನು ಮತ್ತೆ ಲೆಕ್ಕ ಹಾಕುವ ಕಾರ್ಯವಿಧಾನವೊಂದನ್ನು ಅದಕ್ಕೆ ಜೋಡಿಸಬೇಕು.