ನದಿ ಎಷ್ಟು ಅಡಿ ಏರಿದರೆ ನಿಮ್ಮ ಮನೆಗೆ ನೀರು?

ಮಾರ್ಚ್ ಬಂತೆಂದರೆ ಅಮೆರಿಕದ ನಾರ್ತ್ ಡಕೋಟದ ಫಾರ್ಗೊಗೆ ಹೊಸದಾಗಿ ಬಂದ ಕನ್ನಡದವರು ಕೇಳುವುದು ಒಂದೇ ಪ್ರಶ್ನೆ: "ಈ ಸಲ ನೆರೆ ಬರುತ್ತಾ ಸರ್?" ನೆರೆಯ ಲೆಕ್ಕ ಹಾಕುವುದೇ ನನ್ನ ಕೆಲಸ. ಆದರೂ ಹೌದು, ಇಲ್ಲ ಅಂತ ಹೇಳಲು ಬರುವುದಿಲ್ಲ. ಅದಕ್ಕೇ ತಿರುಗಿ ಕೇಳುತ್ತೇನೆ: ನದಿ ಎಷ್ಟು ಅಡಿ ಏರಿದರೆ ನಿಮ್ಮ ಮನೆ ಬಾಗಿಲಿಗೆ ನೀರು ಬರುತ್ತದೆ, ಗೊತ್ತಾ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಇಲ್ಲಿನ ರೆಡ್ ನದಿ ಉತ್ತರಕ್ಕೆ ಹರಿದು ಕೆನಡಾದ ವಿನ್ನಿಪೆಗ್ ಸರೋವರ ಸೇರುತ್ತದೆ. ತೊಂದರೆ ಇರುವುದೇ ಅಲ್ಲಿ. ಬಿಸಿಲು ಮೊದಲು ತಾಗುವುದು ದಕ್ಷಿಣಕ್ಕೆ. ದಕ್ಷಿಣದ ವಾಪೆಟನ್ ಊರಿನ ಕಡೆ ಹಿಮ ಕರಗಿ ನೀರು ಹೊರಟಾಗ ಉತ್ತರದಲ್ಲಿ ನದಿ ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ. ಒಡೆದ ಮಂಜುಗಡ್ಡೆ ತಿರುವುಗಳಲ್ಲಿ, ಸೇತುವೆಗಳ ಕೆಳಗೆ ಸಿಕ್ಕಿಕೊಂಡು ನೀರನ್ನು ತಡೆಯುತ್ತದೆ. ಜೊತೆಗೆ ಈ ಕಣಿವೆ ಹಿಮಯುಗದ ಒಂದು ದೊಡ್ಡ ಸರೋವರದ ತಳ. ಮೈಲಿಗೆ ಒಂದಡಿಯೂ ಇಳಿಜಾರಿಲ್ಲದ ಜಾಗಗಳೇ ಜಾಸ್ತಿ. ದಡ ದಾಟಿದ ನೀರು ಹೊಲಗಳ ಮೇಲೆ ಮೈಲಿಗಟ್ಟಲೆ ಹರಡಿ ದಿನಗಟ್ಟಲೆ ನಿಲ್ಲುತ್ತದೆ.

ಒಂದು ಅನುಕೂಲವೂ ಇದೆ. ನಮ್ಮ ಊರಿನ ಮಳೆಗಾಲದ ನೆರೆ ರಾತ್ರೋರಾತ್ರಿ ಬರಬಹುದು. ಇಲ್ಲಿ ನೆರೆಯ ನೀರು ಎಷ್ಟೋ ವಾರ ಮೊದಲೇ ಹಿಮವಾಗಿ ಕಣ್ಣೆದುರು ಬಿದ್ದಿರುತ್ತದೆ. ಅದನ್ನು ಅಳೆಯಬಹುದು. ಉದ್ದನೆಯ ಅಲ್ಯೂಮಿನಿಯಂ ಕೊಳವೆಯನ್ನು ಹಿಮದೊಳಗೆ ನೆಲ ಮುಟ್ಟುವವರೆಗೆ ಒತ್ತಿ, ಎತ್ತಿ, ಹಿಮದ ಸಮೇತ ತಕ್ಕಡಿಗೆ ತೂಗು ಹಾಕುತ್ತೇವೆ. ನಮಗೆ ಬೇಕಿರುವುದು ಹಿಮದ ಎತ್ತರಕ್ಕಿಂತ ಅದರ ತೂಕ. ಆಗಷ್ಟೇ ಬಿದ್ದ ಹತ್ತು ಇಂಚು ಹಿಮದಲ್ಲಿ ಸುಮಾರು ಒಂದು ಇಂಚು ನೀರು ಇರುತ್ತದೆ. ಮಾರ್ಚ್ ತಿಂಗಳ ಹಳೆಯ, ಗಟ್ಟಿಯಾದ ಹತ್ತು ಇಂಚಿನಲ್ಲಿ ಮೂರು ಇಂಚೂ ಇರಬಹುದು. ಆದ್ದರಿಂದ ಅಂಗಳದ ಹಿಮ ಕುಗ್ಗಿತು ಅಂತ ಸಮಾಧಾನಪಡಬೇಡಿ. ನೀರು ಅಲ್ಲೇ ಇರುತ್ತದೆ.

ಶರತ್ಕಾಲದಲ್ಲಿ ಜಾಸ್ತಿ ಮಳೆಯಾಗಿ, ನೆನೆದ ಮಣ್ಣು ಹಾಗೇ ಹೆಪ್ಪುಗಟ್ಟಿದ್ದರೆ ಕರಗಿದ ನೀರು ಇಂಗುವುದಿಲ್ಲ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ನದಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ರಾತ್ರಿಯೂ ಬೆಚ್ಚಗಿದ್ದು, ಹಿಮದ ಮೇಲೆ ಮಳೆ ಬಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಇದೇ ನದಿಯ ದಡದ ಗ್ರ್ಯಾಂಡ್ ಫೋರ್ಕ್ಸ್ ಊರಿನ 1997ರ ಕಥೆಯನ್ನು ಇಲ್ಲಿರುವವರೆಲ್ಲ ತಿಳಿದಿರಬೇಕು. ನದಿಯ ಅಳತೆಪಟ್ಟಿಯಲ್ಲಿ ನೀರು 49 ಅಡಿಗೆ ಏರಬಹುದು ಎಂಬ ಮುನ್ಸೂಚನೆ ವಾರಗಳ ಮೊದಲೇ ಬಂದಿತ್ತು. ಜನ ಆ ಒಂದು ಅಂಕಿಯನ್ನೇ ನಂಬಿ, ಅದಕ್ಕಿಂತ ತುಸು ಎತ್ತರಕ್ಕೆ ಒಡ್ಡು ಕಟ್ಟಿಕೊಂಡರು. ನದಿ 54.35 ಅಡಿಗೆ ಏರಿತು. ಊರಿಗೆ ಊರೇ ಖಾಲಿಯಾಯಿತು. ನೀರು ನಿಂತ ಪೇಟೆಯಲ್ಲೇ ಬೆಂಕಿ ಬಿದ್ದು 11 ಕಟ್ಟಡ ಸುಟ್ಟವು. ಮುನ್ಸೂಚನೆಯಲ್ಲಿ ಹೆಚ್ಚುಕಮ್ಮಿ ಇದ್ದೇ ಇರುತ್ತದೆ ಅನ್ನುವುದು ಜನರಿಗೆ ಮುಟ್ಟಲೇ ಇಲ್ಲ. 2009ರಲ್ಲಿ ಫಾರ್ಗೊದಲ್ಲಿ ಬೇರೆ ರೀತಿ ನಡೆಯಿತು. 43 ಅಡಿಯವರೆಗೂ ಹೋಗಬಹುದು ಎಂಬ ಎಚ್ಚರಿಕೆ ಬಂದಾಗ ವಿದ್ಯಾರ್ಥಿಗಳು, ಮುದುಕರು ಎಲ್ಲ ಸೇರಿ ಮರಳಿನ ಚೀಲ ತುಂಬಿ ಒಡ್ಡನ್ನು ಎತ್ತರಿಸಿದರು. ನದಿ 40.84 ಅಡಿಗೆ ನಿಂತಿತು, ಊರು ಉಳಿಯಿತು. ಅಷ್ಟೆಲ್ಲ ಚೀಲ ಸುಮ್ನೆ ದಂಡ ಅಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಎರಡು ಅಡಿ ಹೆಚ್ಚು ಕಟ್ಟಿದ್ದೇ ಬುದ್ಧಿವಂತಿಕೆ.

ಈಗ ಹವಾಮಾನ ಇಲಾಖೆ ವಸಂತಕ್ಕೆ ಮೊದಲು ಒಂದು ಅಂಕಿ ಕೊಟ್ಟು ಸುಮ್ಮನಾಗುವುದಿಲ್ಲ. ಈ ಎತ್ತರ ದಾಟುವ ಸಾಧ್ಯತೆ ಶೇ. 50, ಆ ಎತ್ತರ ದಾಟುವುದು ಶೇ. 10 ಅಂತ ಹೇಳುತ್ತದೆ. ದಯವಿಟ್ಟು ಶೇ. 10ರ ಸಾಲನ್ನೂ ಓದಿ. ನಗರದ ನೆರೆ ನಕ್ಷೆಯಲ್ಲಿ ನಿಮ್ಮ ಬೀದಿ ಹುಡುಕಿ, ನೀರು ಮುಟ್ಟುವ ಅಡಿ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಮಾಡಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಸಾಮಾನ್ಯ ಮನೆ ಇನ್ಶೂರೆನ್ಸ್ ನೆರೆಗೆ ಆಗುವುದಿಲ್ಲ. ಸರ್ಕಾರದ ನೆರೆ ವಿಮೆ ಮಾಡಿಸಿದರೂ ಸಾಮಾನ್ಯವಾಗಿ 30 ದಿನ ಕಳೆದ ಮೇಲೇ ಜಾರಿಗೆ ಬರುತ್ತದೆ. ಏಪ್ರಿಲ್ ನೀರಿಗೆ ಫೆಬ್ರವರಿಯಲ್ಲೇ ಮಾಡಿಸಬೇಕು. ಬೇಸ್‌ಮೆಂಟಿನ ಗುಂಡಿಗೆ ಇಳಿದ ನೀರನ್ನು ಹೊರಹಾಕುವ ಸಂಪ್ ಪಂಪ್ ಇರುತ್ತದಲ್ಲ, ಆ ಗುಂಡಿಗೆ ಒಂದು ಬಕೆಟ್ ನೀರು ಸುರಿದು ಪಂಪ್ ಓಡುತ್ತದಾ ನೋಡಿ. ಕರೆಂಟ್ ಹೋದರೂ ಓಡುವಂತೆ ಬ್ಯಾಟರಿ ಇರಲಿ. ಮರಳಿನ ಚೀಲವನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದರೆ ಸಾಕು. ಬಿಗಿಯಾಗಿ ತುಂಬಿದ ಚೀಲ ಉರುಟಾಗಿ ಸಂದಿ ಬಿಡುತ್ತದೆ. ಸಡಿಲವಾದದ್ದು ತುಳಿದರೆ ಚಪ್ಪಟೆಯಾಗಿ ಪಕ್ಕದ ಚೀಲಕ್ಕೆ ಕಚ್ಚಿಕೊಳ್ಳುತ್ತದೆ. ಮೇಲಿನ ಸಾಲಿನ ಚೀಲ ಕೆಳಗಿನ ಎರಡು ಚೀಲಗಳ ಸಂದಿಯ ಮೇಲೆ ಕೂರಬೇಕು.

ಇಷ್ಟಾದರೂ ಬೇಸ್‌ಮೆಂಟ್ ತುಂಬಿತು ಅನ್ನಿ. ನದಿ ಇಳಿದ ದಿನವೇ ಪಂಪ್ ಇಟ್ಟು ಪೂರ್ತಿ ಖಾಲಿ ಮಾಡಬೇಡಿ. ಹೊರಗಿನ ಮಣ್ಣು ಇನ್ನೂ ನೆನೆದು ಗೋಡೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಒಳಗಿನ ನೀರೇ ಆ ಗೋಡೆಗೆ ಆಸರೆ. ಒಂದೆರಡು ಅಡಿ ತೆಗೆದು, ಗುರುತು ಹಾಕಿ, ಮರುದಿನ ನೋಡಿ. ನೀರು ಮತ್ತೆ ಗುರುತು ದಾಟಿದ್ದರೆ ಇನ್ನೂ ಕಾಯಿರಿ.