ಸುಪ್ರೀಂ ಕೋರ್ಟಿಗೆ ಹಾಕಿದರೆ ಕೇಸು ಮತ್ತೆ ಮೊದಲಿಂದ ನಡೆಯುತ್ತಾ?

ಪ್ರಶ್ನೆ: ತೋಟದ ಬೇಲಿ ಕೇಸಿನಲ್ಲಿ ಹೈಕೋರ್ಟಿನಲ್ಲೂ ಸೋತೆವು. ಸುಪ್ರೀಂ ಕೋರ್ಟಿನಲ್ಲಿ ಮತ್ತೆ ವಿಚಾರಣೆ ಆಗುತ್ತಾ?

ಆಗುವುದಿಲ್ಲ. ಈ ಮಳೆಗಾಲದಲ್ಲೇ ಇದನ್ನು ಮೂರನೇ ಸಲ ಬರೆಯುತ್ತಿದ್ದೇನೆ.

ಮೊನ್ನೆ ಮಡಿಕೇರಿಯಲ್ಲಿ ಒಬ್ಬರು ಕೇಸಿನ ಕಟ್ಟನ್ನು ನೆನೆಯಬಾರದೆಂದು ಗೊಬ್ಬರದ ಚೀಲದಲ್ಲಿ ಸುತ್ತಿ ತಂದಿದ್ದರು. ಒಳಗೆ ಸರ್ವೆ ನಕ್ಷೆ, ಗಡಿಯ ಸಿಲ್ವರ್ ಓಕ್ ಮರದ ಫೋಟೊ, ಮರಕ್ಕೆ ಕೆಂಪು ಬಣ್ಣದ ಗುರುತು. ‘ಇದನ್ನು ಡೆಲ್ಲಿ ಜಡ್ಜಿಗೆ ತೋರಿಸಿದರೆ ಸಾಕು ಸಾರ್’ ಅಂದರು. ಡೆಲ್ಲಿ ಜಡ್ಜು ಮರ ನೋಡುವುದಿಲ್ಲ. ಸಾಕ್ಷಿ ಕೇಳುವುದು, ಪಾಟಿ ಸವಾಲು, ಕಮಿಷನರ್ ಕಳಿಸಿ ಅಳೆಸುವುದು, ಎಲ್ಲ ಕೆಳಗಿನ ಕೋರ್ಟಿನ ಕೆಲಸ. ಎರಡನೇ ಅಪೀಲಿನಲ್ಲಿ ಹೈಕೋರ್ಟೇ ದೊಡ್ಡ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಕೈ ಹಾಕುತ್ತದೆ.

ಆದರೆ ‘ಸುಪ್ರೀಂಗೆ ಹೋಗೋದು ನಮ್ಮ ಹಕ್ಕು’ ಅನ್ನೋ ನಂಬಿಕೆ ಇದೆಯಲ್ಲ, ಅದು ಜಿಗಣೆ. ಉಪ್ಪು ಹಾಕಿದರೂ ಬಿಡುವುದಿಲ್ಲ. ಸಿವಿಲ್ ಕೇಸಿನಲ್ಲಿ ಹಾಗೆ ಹೋಗಬೇಕಾದರೆ ಸಂವಿಧಾನದ 133ನೇ ವಿಧಿಯಂತೆ ಹೈಕೋರ್ಟೇ ಸರ್ಟಿಫಿಕೇಟ್ ಕೊಡಬೇಕು, ಇದರಲ್ಲಿ ಎಲ್ಲರಿಗೂ ಬೇಕಾದ ಕಾನೂನು ಪ್ರಶ್ನೆ ಇದೆ, ಸುಪ್ರೀಂ ಕೋರ್ಟೇ ಅದನ್ನು ತೀರ್ಮಾನಿಸಬೇಕು ಅಂತ. ಒಂದು ಬೇಲಿಗೆ ಅದು ಸಿಗುವುದು ಕಷ್ಟ, ಅಲ್ವಾ? ಉಳಿದದ್ದು 136ನೇ ವಿಧಿ, ಎಲ್ಲರೂ ಎಸ್‌ಎಲ್‌ಪಿ ಅನ್ನುವುದು ಇದನ್ನೇ. ಅದು ಅಪೀಲಲ್ಲ, ಅಪೀಲು ಹಾಕಲು ಅನುಮತಿ ಕೇಳುವ ಅರ್ಜಿ. ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು. ಒಂದೇ ಸಾಲಿನಲ್ಲಿ ವಜಾ ಮಾಡಬಹುದು, ಕಾರಣ ಬರೆಯದೆ.

ಆಗ ಪಕ್ಕದ ತೋಟದವರು ‘ಸುಪ್ರೀಂ ಕೋರ್ಟೇ ನಮ್ಮ ಪರ ತೀರ್ಪು ಕೊಟ್ಟಿತು’ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅದೂ ತಪ್ಪು. ಹೈಕೋರ್ಟಿನ ತೀರ್ಪು ನಿಲ್ಲುತ್ತದೆ ನಿಜ, ಆದರೆ ಬರೀ ವಜಾ ಅಂದರೆ ಆ ತೀರ್ಪು ಸರಿ ಅಂತ ಮೇಲಿನವರು ಮುದ್ರೆ ಒತ್ತಿದ ಹಾಗಲ್ಲ. ಕೇರಳದ ಕಾಡಿನ ಜಾಗದ ಕೇಸೊಂದರಲ್ಲಿ 2000ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ಬಿಡಿಸಿ ಹೇಳಿದೆ.

ಹಾಗಾದರೆ ಆ ಕೋರ್ಟು ಯಾಕೆ? ಒಂದೇ ಕಾನೂನಿಗೆ ಬೆಂಗಳೂರಿನಲ್ಲಿ ಒಂದರ್ಥ, ಗುವಾಹಟಿಯಲ್ಲಿ ಇನ್ನೊಂದರ್ಥ ಆಗಬಾರದಲ್ಲ, ಅದಕ್ಕೆ. ಅದು ಹೇಳಿದ ಕಾನೂನನ್ನು 141ನೇ ವಿಧಿಯಂತೆ ವಿರಾಜಪೇಟೆಯ ಕೋರ್ಟೂ ಪಾಲಿಸಬೇಕು.

ಯಾರೂ ಕೇಳಲಿಲ್ಲ, ಆದರೂ ತಲಕಾವೇರಿ ನಮ್ಮಲ್ಲೇ ಇರುವುದರಿಂದ ಹೇಳಿಬಿಡುತ್ತೇನೆ. ರಾಜ್ಯಗಳ ನೀರಿನ ಜಗಳ ಕೋರ್ಟಿಗೆ ಬರಬಾರದು ಅಂತ 1956ರ ಕಾಯ್ದೆಯೇ ಇದೆ. ಆದರೂ 2007ರ ಕಾವೇರಿ ನ್ಯಾಯಮಂಡಳಿಯ ತೀರ್ಪಿನ ಮೇಲೆ ರಾಜ್ಯಗಳು ಇದೇ 136 ಹಿಡಿದುಕೊಂಡು ಹೋದವು. ಬರುವಂತಿಲ್ಲ ಅಂತ ಕೇಂದ್ರ ವಾದಿಸಿತು, ಬರಬಹುದು ಅಂತ 2016ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. 2018ರ ಫೆಬ್ರವರಿ 16ಕ್ಕೆ ನಾವು ತಮಿಳುನಾಡಿಗೆ ಬಿಡಬೇಕಾದ ನೀರು 192 ಟಿಎಂಸಿಯಿಂದ 177.25ಕ್ಕೆ ಇಳಿಯಿತು, ಉಳಿದ 14.75 ನಮಗೆ.

ಗೊಬ್ಬರದ ಚೀಲದವರು ಇಷ್ಟೂ ಕೇಳಿ, ‘ಅಂದರೆ ಸರ್ಕಾರವೂ ಅನುಮತಿ ಕೇಳಿಯೇ ಒಳಗೆ ಹೋಗಿದ್ದಾ?’ ಅಂದರು. ಹೌದು ಅಂದೆ. ಮರದ ಫೋಟೊ ವಾಪಸ್ ಚೀಲಕ್ಕೆ ಹೋಯಿತು.