ಪಾರಿವಾಳದ ಕೆಂಪು ಕಾಲು

ಗಂಗಾವತಿಯ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವ್ವ ಟಿವಿಯ ಮುಂದೆ ಕೂರುತ್ತಾಳೆ. ಯಾವ ಸಿನಿಮಾ ಹಾಕಲಿ ಎಂದು ಮೊಮ್ಮಗ ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ತಿಂಗಳಲ್ಲಿ ಒಂದು ಭಾನುವಾರವಾದರೂ ಅದು ‘ಕಸ್ತೂರಿ ನಿವಾಸ’ವೇ ಆಗಿರುತ್ತದೆ. ಕೊನೆಯ ಭಾಗ ಬಂದಾಗ ನಾನು ಪರದೆ ನೋಡುವುದಿಲ್ಲ, ಅವ್ವನನ್ನು ನೋಡುತ್ತೇನೆ. ಕೊಟ್ಟೂ ಕೊಟ್ಟೂ ಬರಿಗೈಯಾದ ನಾಯಕನ ಮನೆಗೆ ಚಿತ್ರದ ನಾಯಕಿ ಬರುತ್ತಾಳೆ. ಅವಳಿಗೆ ಊಟ ಹಾಕಲು ಅವನು ತನ್ನ ಪ್ರೀತಿಯ ಪಾರಿವಾಳವನ್ನೇ ಮಾರಿರುತ್ತಾನೆ. ಅವಳು ಬಂದದ್ದು ಅದೇ ಪಾರಿವಾಳವನ್ನು ಕೇಳಲು. ಆ ಮಾತು ಪರದೆಯ ಮೇಲೆ ಬರುವುದಕ್ಕೆ ಇನ್ನೂ ಹೊತ್ತಿರುವಾಗಲೇ ಅವ್ವನ ಸೆರಗು ಕಣ್ಣಿಗೆ ಹೋಗಿರುತ್ತದೆ. ಕಣ್ಣೀರು ಬಂದಿರುವುದಿಲ್ಲ, ಸೆರಗು ಮಾತ್ರ ಸಿದ್ಧವಾಗಿರುತ್ತದೆ.

ಸಿನಿಮಾ ಮುಗಿದ ಮೇಲೆ ಅವ್ವ ಹಗುರಾಗಿರುತ್ತಾಳೆ. ಎದ್ದು ಚಹಾಕ್ಕೆ ಇಟ್ಟು, ಸಂಜೆಗೆ ಒಗ್ಗರಣೆ ಮಾಡಲೇ, ಮಿರ್ಚಿ ಕರಿಯಲೇ ಎಂದು ಕೇಳುತ್ತಾಳೆ. ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವನು. ಎಲ್ಲವೂ ಗೊತ್ತಿರುವ, ಅದೂ ಸಾವಿನಲ್ಲಿ ಮುಗಿಯುವ ಕಥೆಯೊಂದು ಮನುಷ್ಯರ ಮನಸ್ಸನ್ನು ಹೀಗೆ ತಣ್ಣಗೆ ಮಾಡುವುದು ಹೇಗೆ ಎಂಬುದು ನನ್ನನ್ನು ಬಹಳ ದಿನ ಕಾಡಿತು. ನೋಡಿದ್ದನ್ನೇ ಎಷ್ಟು ಸಲ ನೋಡುತ್ತೀರಿ ಎಂದು ಮನೆಗೆ ಬಂದವರು ಕೇಳುವ ಮಾತಿನಲ್ಲಿ, ಅದೇನೋ ವಯಸ್ಸಾದವರ ಚಟ ಎಂಬ ಭಾವವಿರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಮಿದುಳು ಮಾಡುವ ಕೆಲಸಗಳಲ್ಲಿ ಬಹಳ ಸೂಕ್ಷ್ಮವಾದ ಒಂದು ಕೆಲಸ ಆ ಒಂದೆರಡು ಗಂಟೆಗಳಲ್ಲಿ ನಡೆಯುತ್ತಿರುತ್ತದೆ.

ಅವ್ವ ಈ ಚಿತ್ರವನ್ನು ಮೊದಲು ನೋಡಿದ್ದು 1973ರಲ್ಲಿ, ಕಾರಟಗಿಯ ಟೆಂಟಿನಲ್ಲಿ. ದೊರೈ-ಭಗವಾನ್ ನಿರ್ದೇಶಿಸಿದ ಚಿತ್ರ ತೆರೆಕಂಡದ್ದು 1971ರಲ್ಲಿ. ನಮ್ಮ ಕಡೆಯ ಟೆಂಟಿಗೆ ಅದು ಬರುವಷ್ಟರಲ್ಲಿ ಎರಡು ವರ್ಷವಾಗಿತ್ತು. ಆಗ ಕೊಪ್ಪಳ ಜಿಲ್ಲೆ ಎಂಬುದೇ ಇರಲಿಲ್ಲ. 1997ರವರೆಗೆ ಇದೆಲ್ಲವೂ ರಾಯಚೂರು ಜಿಲ್ಲೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಭತ್ತ ಬಂದಿತ್ತು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದಿದ್ದವು, ಟೆಂಟಿನಲ್ಲಿ ಒಂದು ವಾರ ಕನ್ನಡ, ಒಂದು ವಾರ ತೆಲುಗು. ಹದಿನೇಳರ ಅವ್ವ ಹೊಸದಾಗಿ ಮದುವೆಯಾಗಿ ಬಂದಿದ್ದಳು. ಸಂಜೆ ಟೆಂಟಿನ ಮೈಕಿನಿಂದ ಘಂಟಸಾಲರ ಕಂಠದಲ್ಲಿ ವೆಂಕಟೇಶನ ಹಾಡು ಶುರುವಾದರೆ ಟಿಕೆಟ್ ಕೊಡಲು ಶುರು ಮಾಡಿದರು ಎಂದು ಅರ್ಥ. ಹಾಡು ಕೇಳಿದ ಕೂಡಲೇ ಎದೆ ಹೊಡೆದುಕೊಳ್ಳುತ್ತಿತ್ತು, ರೊಟ್ಟಿ ಬಡಿಯುವ ಕೈ ತಾನೇ ಬೇಗ ಆಗುತ್ತಿತ್ತು ಎಂದು ಅವ್ವ ಇಂದಿಗೂ ಹೇಳುತ್ತಾಳೆ.

ಆ ಹಾಡಿನಲ್ಲಿ ನಾನು ಕಂಡದ್ದು ವುಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿಯ ಪ್ರಯೋಗವನ್ನು. ಅವರು ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳ ಮಿಡಿತವನ್ನು ಅಳೆದರು. ಕೋತಿಯ ಬಾಯಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಬಿದ್ದಾಗ ಆ ಕೋಶಗಳು ಜೋರಾಗಿ ಮಿಡಿದವು. ರಸ ಕೊಡುವ ಮುನ್ನ ಪ್ರತಿ ಸಲವೂ ಒಂದು ಸೂಚನೆ ಕೊಡುತ್ತ ಹೋದಾಗ ಚಿತ್ರ ಬದಲಾಯಿತು. ಕೆಲವು ದಿನಗಳಲ್ಲಿ ಮಿಡಿತ ರಸದಿಂದ ಹಿಂದಕ್ಕೆ ಸರಿದು ಸೂಚನೆಗೆ ಬಂದು ನಿಂತಿತು. ರಸ ಬಾಯಿಗೆ ಬಿದ್ದ ಗಳಿಗೆಯಲ್ಲಿ ಕೋಶಗಳು ಸುಮ್ಮನಿದ್ದವು, ಅದು ಬರುತ್ತದೆಂದು ಅವಕ್ಕೆ ಮೊದಲೇ ಗೊತ್ತು. ಸೂಚನೆ ಕೊಟ್ಟು ರಸ ಕೊಡದಿದ್ದರೆ, ಸರಿಯಾಗಿ ಅದು ಬರಬೇಕಿದ್ದ ಕ್ಷಣಕ್ಕೆ ಮಿಡಿತ ಕುಸಿಯಿತು. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟಗ್ಯೂ ಇದನ್ನು ಒಂದು ಲೆಕ್ಕಾಚಾರವಾಗಿ ವಿವರಿಸಿದರು. ಮಿದುಳು ಸದಾ ಮುಂದಿನದನ್ನು ಊಹಿಸುತ್ತಿರುತ್ತದೆ, ಊಹೆಗೂ ನಡೆದದ್ದಕ್ಕೂ ಇರುವ ವ್ಯತ್ಯಾಸವನ್ನು ಡೋಪಮೈನ್ ವರದಿ ಮಾಡುತ್ತದೆ.

ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಹಾಗಾದರೆ ನೂರು ಸಲ ನೋಡಿದ ಸಿನಿಮಾದಲ್ಲಿ ವ್ಯತ್ಯಾಸವೇ ಇಲ್ಲವಲ್ಲ ಸರ್, ಸುಖ ಎಲ್ಲಿಂದ ಬರಬೇಕು? ಉತ್ತರ ಆ ಪ್ರಯೋಗದೊಳಗೇ ಇದೆ. ಸುಖ ಕಾಣೆಯಾಗುವುದಿಲ್ಲ, ಮುಂಚಿತವಾಗುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವಲೋರಿ ಸಲೀಂಪೂರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಮನುಷ್ಯರಲ್ಲೇ ತೋರಿಸಿತು. ಮೈ ಜುಮ್ಮೆನ್ನಿಸುವ, ಚೆನ್ನಾಗಿ ಪರಿಚಯವಿರುವ ಸಂಗೀತವನ್ನು ಜನರೇ ಆಯ್ದು ತಂದು ಕೇಳಿದರು. ಜುಮ್ಮೆನ್ನುವ ಕ್ಷಣದಲ್ಲಿ ಮಿದುಳಿನ ಒಂದು ಭಾಗದಲ್ಲಿ ಡೋಪಮೈನ್ ಬಿಡುಗಡೆಯಾಯಿತು. ಆ ಕ್ಷಣ ಇನ್ನೇನು ಬರಲಿದೆ ಎನ್ನುವ ಹೊತ್ತಿಗೆ ಬೇರೊಂದು ಭಾಗದಲ್ಲಿ ಆಗಲೇ ಬಿಡುಗಡೆಯಾಗಿತ್ತು. ಇದು ಸಂಗೀತದ ಪ್ರಯೋಗ. ಅವ್ವನ ಸೆರಗನ್ನು ಅದರ ಪಕ್ಕದಲ್ಲಿಟ್ಟು ನೋಡಿದವನು ನಾನು. ಬರಲಿರುವುದು ಗೊತ್ತಿಲ್ಲದವರಿಗೆ ಸಿಗದ ಒಂದು ಕ್ಷಣ ಗೊತ್ತಿರುವವರಿಗೆ ಹೆಚ್ಚಿಗೆ ಸಿಗುತ್ತದೆ.

ಕಥೆಯ ಕೊನೆ ಗೊತ್ತಾದರೆ ರಸ ಹೋಯಿತು ಎಂದು ನಾವೆಲ್ಲ ನಂಬಿದ್ದೇವೆ. ಕ್ಯಾಲಿಫೋರ್ನಿಯಾದ ಜೊನಾಥನ್ ಲೀವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಸಣ್ಣ ಕಥೆಗಳನ್ನು ಜನರಿಗೆ ಓದಲು ಕೊಟ್ಟು ನೋಡಿದಾಗ, ಕೊನೆ ಮೊದಲೇ ತಿಳಿದಿದ್ದವರೇ ಸರಾಸರಿಯಲ್ಲಿ ಹೆಚ್ಚು ಮೆಚ್ಚಿಕೊಂಡಿದ್ದರು. ನಮ್ಮ ಊರುಗಳಲ್ಲಿ ರಾತ್ರಿಯಿಡೀ ಬಯಲಾಟ ನೋಡುವ ಜನಕ್ಕೆ ಈ ಫಲಿತಾಂಶ ಹೊಸದೇನಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲ ಎಂಬುದು ತಿಳಿದೇ ಅವರು ಬೆಳಗಿನ ಜಾವದವರೆಗೆ ಕೂತಿರುತ್ತಾರೆ. ಹೊಸದಾಗಿ ನೋಡುವವರ ಕಣ್ಣು ಕಥೆಯ ಹಿಂದೆ ಓಡುತ್ತದೆ. ಅವ್ವನ ಕಣ್ಣಿಗೆ ಓಡುವ ಅವಸರವಿಲ್ಲ, ಅದು ರಾಜಕುಮಾರ್ ಅವರ ಮುಖದ ಮೇಲೆ ನಿಂತಿರುತ್ತದೆ. ಬಡಿಸುವ ಕೈ, ನಗುವ ತುಟಿ, ನಗದ ಕಣ್ಣು, ಇವನ್ನೆಲ್ಲ ಒಂದೊಂದಾಗಿ ನೋಡಲು ಅವಳಿಗೆ ಪುರುಸೊತ್ತಿದೆ.

ಆದರೂ ಇದು ದುಃಖದ ಚಿತ್ರ. ದುಃಖ ಹೇಗೆ ಹಗುರ ಮಾಡುತ್ತದೆ? ಆಕ್ಸ್‌ಫರ್ಡ್‌ನ ರಾಬಿನ್ ಡನ್ಬರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಒಂದು ಗುಂಪಿಗೆ ಮನ ಕಲಕುವ ದುಃಖದ ಚಿತ್ರ, ಇನ್ನೊಂದಕ್ಕೆ ಸಪ್ಪೆ ಸಾಕ್ಷ್ಯಚಿತ್ರ ತೋರಿಸಿದರು. ನೋಡುವ ಮೊದಲು ಮತ್ತು ನೋಡಿದ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆಯೇ ಕುರ್ಚಿಯಲ್ಲಿ ಕೂತ ಭಂಗಿಯಲ್ಲಿ ನಿಲ್ಲಲು ಹೇಳಿದರು. ತೊಡೆ ಉರಿಯುತ್ತದೆ. ಎಷ್ಟು ಹೊತ್ತು ತಡೆಯುತ್ತಾರೆ ಎಂಬುದು ನೋವು ಸಹಿಸುವ ಶಕ್ತಿಯ ಅಳತೆ. ದುಃಖದ ಚಿತ್ರಕ್ಕೆ ಮನಸ್ಸು ಕರಗಿದವರು ಮೊದಲಿಗಿಂತ ಹೆಚ್ಚು ಹೊತ್ತು ತಡೆದರು. ಜೊತೆಗೆ ಕೂತು ನೋಡಿದ ಅಪರಿಚಿತರೂ ಅವರಿಗೆ ಹತ್ತಿರದವರೆನಿಸಿದರು. ಮನಸ್ಸಿನ ನೋವನ್ನೂ ಮೈಯ ನೋವನ್ನೂ ನಿಭಾಯಿಸುವಲ್ಲಿ ಮಿದುಳಿನ ಕೆಲವು ಭಾಗಗಳು ಹಂಚಿಕೊಂಡು ದುಡಿಯುತ್ತವೆ, ಹಾಗಾಗಿ ಪರದೆಯ ದುಃಖವೂ ನಮ್ಮ ಮೈಯ ನೋವುನಿವಾರಕವಾದ ಎಂಡಾರ್ಫಿನ್ ಅನ್ನು ಎಬ್ಬಿಸುತ್ತದೆ ಎಂಬುದು ಅವರ ವಿವರಣೆ. ಅತ್ತು ಹಗುರಾದೆ ಎಂದು ಹೆಂಗಸರು ಹೇಳುತ್ತ ಬಂದ ಮಾತನ್ನು ಇನ್ನು ಮೇಲೆ ಯಾರೂ ಬಾಯಿಮಾತೆಂದು ತಳ್ಳಿಹಾಕಬಾರದು.

ಅಪ್ಪ ತೀರಿಕೊಂಡ ಮೇಲೆ ಅವ್ವ ಈ ಚಿತ್ರವನ್ನು ನೋಡುವುದು ಹೆಚ್ಚಾಯಿತು. ಹಳೆಯದರ ಹಂಬಲಕ್ಕೆ ಯುರೋಪಿನಲ್ಲಿ ನಾಸ್ಟಾಲ್ಜಿಯಾ ಎಂದು ಹೆಸರಿಟ್ಟವನು ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ, 1688ರಲ್ಲಿ. ಊರು ಬಿಟ್ಟು ಹೋದವರ ಮನೆಯ ಕೊರಗನ್ನು ಅವನು ರೋಗವೆಂದೇ ಬರೆದ. ಆ ಹಣೆಪಟ್ಟಿ ಬಹಳ ಕಾಲ ಉಳಿಯಿತು. ಅದನ್ನು ಕಿತ್ತುಹಾಕಿದ್ದರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಾನ್‌ಸ್ಟಂಟೈನ್ ಸೆಡಿಕಿಡಿಸ್ ಮತ್ತು ಟಿಮ್ ವಿಲ್ಡ್‌ಶಟ್ ಅವರ ಪಾಲು ದೊಡ್ಡದು. ಚೀನಾದ ಶಿನ್ಯುಯೆ ಝೌ ಜೊತೆ 2008ರಲ್ಲಿ ಅವರು ತೋರಿಸಿದ್ದು ಇದು: ಒಂಟಿತನ ಹಳೆಯ ನೆನಪುಗಳನ್ನು ಎಬ್ಬಿಸುತ್ತದೆ, ಎದ್ದ ನೆನಪು ನಮಗೆ ನಮ್ಮವರಿದ್ದಾರೆ ಎಂಬ ಭಾವವನ್ನು ಮರಳಿ ತರುತ್ತದೆ.

ಅವ್ವನ ವಿಷಯದಲ್ಲಿ ಆ ನಮ್ಮವರು ಯಾರೆಂದು ನನಗೆ ಗೊತ್ತು. ಟೆಂಟಿನಲ್ಲಿ ಗಂಡಸರ ಕಡೆ, ಹೆಂಗಸರ ಕಡೆ ಎಂದು ಬೇರೆ ಬೇರೆ. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ಪ್ರತಿ ರೀಲು ಮುಗಿದಾಗಲೂ ಆಟ ನಿಂತು ದೀಪ ಹತ್ತುತ್ತಿತ್ತು. 2000 ಅಡಿಯ ರೀಲು, ಸೆಕೆಂಡಿಗೆ 24 ಚೌಕಟ್ಟುಗಳ ಓಟದಲ್ಲಿ, ಹೆಚ್ಚೂಕಡಿಮೆ 22 ನಿಮಿಷಕ್ಕೆ ಮುಗಿಯುತ್ತದೆ. ಹೀಗೆ ದೀಪ ಹತ್ತಿದಾಗಲೆಲ್ಲ ಅಪ್ಪ ಗಂಡಸರ ಕಡೆಯಿಂದ ಕತ್ತು ತಿರುಗಿಸಿ ಅವ್ವನನ್ನು ಹುಡುಕುತ್ತಿದ್ದನಂತೆ. ಅತ್ತೆ ಪಕ್ಕದಲ್ಲೇ ಇರುತ್ತಿದ್ದರು, ಅವ್ವ ತಲೆ ಎತ್ತುತ್ತಿರಲಿಲ್ಲ, ಆದರೂ ನೋಡುತ್ತಿದ್ದಾನೆಂದು ತಿಳಿಯುತ್ತಿತ್ತಂತೆ. ಟಿವಿಯಲ್ಲಿ ಚಿತ್ರ ಎಲ್ಲೂ ನಿಲ್ಲುವುದಿಲ್ಲ. ಅವ್ವ ಮಾತ್ರ ಕೆಲವು ಜಾಗಗಳಲ್ಲಿ ಇಲ್ಲಿ ದೀಪ ಹತ್ತುತ್ತಿತ್ತು ಎನ್ನುತ್ತಾಳೆ. ಹತ್ತರಿಂದ ಮೂವತ್ತರ ವಯಸ್ಸಿನೊಳಗಿನ ನೆನಪುಗಳು ಮುಪ್ಪಿನಲ್ಲಿ ಉಳಿದೆಲ್ಲ ವರ್ಷಗಳಿಗಿಂತ ದಟ್ಟವಾಗಿ ಉಳಿಯುತ್ತವೆ ಎಂಬುದು ಮನೋವಿಜ್ಞಾನದಲ್ಲಿ ಮತ್ತೆ ಮತ್ತೆ ಸಿಕ್ಕ ಫಲಿತಾಂಶ. ಅವ್ವನ ಹದಿನೇಳು ಅದರ ನಡುವೆಯೇ ಬರುತ್ತದೆ.

ಟೆಂಟಿಗೆ ಬರುವ ಪ್ರತಿಗಳು ದೊಡ್ಡ ಊರುಗಳಲ್ಲೆಲ್ಲ ಓಡಿ ಸವೆದು ಬಂದವು. ಪರದೆಯ ಮೇಲೆ ಗೆರೆಗಳು ಸುರಿಯುತ್ತಿದ್ದವು, ಜನ ಅದನ್ನು ಮಳೆ ಎನ್ನುತ್ತಿದ್ದರು. ಪ್ರತಿ ಆಟವೂ ಫಿಲ್ಮಿನ ಮೇಲೆ ಒಂದಿಷ್ಟು ಗೀರು ಬಿಟ್ಟು ಹೋಗುತ್ತದೆ. ಸುಮ್ಮನೆ ಇಟ್ಟರೂ ಅಪಾಯವೇ, ಅಸಿಟೇಟ್ ಫಿಲ್ಮು ಸೆಖೆಯಲ್ಲಿ ಕೊಳೆತು ವಿನೆಗರಿನ ಹುಳಿ ವಾಸನೆ ಹೊಡೆಯುತ್ತದೆ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿ ಇಂದು ನೋಡಲು ಸಿಗುವುದಿಲ್ಲ. ಅದನ್ನು ಪ್ರೀತಿಸಿದ ಯಾರೂ ಎರಡನೆಯ ಸಲ ಅದರ ಬಳಿಗೆ ಹೋಗುವಂತಿಲ್ಲ ಎಂಬುದು ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೆನಪಿಗೂ ಇಂಥದೇ ಒಂದು ಗುಣವಿದೆ. ಕರೀಂ ನಾಡರ್, ಗ್ಲೆನ್ ಶಾಫ್ ಮತ್ತು ಜೋಸೆಫ್ ಲೆಡೂ 2000ದಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಅದನ್ನು ತೋರಿಸಿತು. ಒಂದು ಶಬ್ದಕ್ಕೆ ಹೆದರಲು ಕಲಿತ ಇಲಿಗೆ ಆ ಶಬ್ದವನ್ನು ಮತ್ತೆ ಕೇಳಿಸಿ, ಕೂಡಲೇ ಮಿದುಳಿನ ಅಮಿಗ್ಡಲಾ ಎಂಬ ಭಾಗದಲ್ಲಿ ಹೊಸ ಪ್ರೋಟೀನ್ ತಯಾರಾಗದಂತೆ ಔಷಧ ಕೊಟ್ಟು ತಡೆದರೆ, ಆ ಹೆದರಿಕೆಯ ನೆನಪೇ ಕ್ಷೀಣಿಸಿತು. ಶಬ್ದ ಕೇಳಿಸದೆ ಬರೀ ಔಷಧ ಕೊಟ್ಟರೆ ನೆನಪಿಗೆ ಏನೂ ಆಗಲಿಲ್ಲ. ಅಂದರೆ ನೆನಪು ಹೊರಗೆ ಬಂದಾಗ ಮೆತ್ತಗಾಗುತ್ತದೆ, ಅದನ್ನು ಮತ್ತೆ ಗಟ್ಟಿ ಮಾಡಿ ಒಳಗಿಡಬೇಕಾಗುತ್ತದೆ. ಹಾಗೆ ಇಡುವಾಗ ಈಗಿನದೂ ಒಂದಿಷ್ಟು ಅದರೊಳಗೆ ಸೇರಿಕೊಳ್ಳಬಹುದು.

ಇದು ಪಾಠದ ಮಾತಾಯಿತು. ನನಗೆ ಅದು ನಿಜಕ್ಕೂ ತಿಳಿದದ್ದು ಮನೆಯಲ್ಲಿ. ‘ಕಸ್ತೂರಿ ನಿವಾಸ’ ಕಪ್ಪು-ಬಿಳುಪಿನ ಚಿತ್ರ. 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಅಪ್ಪ ಆಗ ಇದ್ದ. ಇಬ್ಬರೂ ಹೋಗಿ, ಈ ಸಲ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತು ನೋಡಿ ಬಂದರು. ಈಗ ಮೊಮ್ಮಗ ಟಿವಿಗೆ ಹಾಕಿಕೊಡುವುದು ಹಳೆಯ ಕಪ್ಪು-ಬಿಳುಪಿನ ಪ್ರತಿ. ಹೋದ ತಿಂಗಳು ಪಾರಿವಾಳ ಕಂಡಾಗ ಅವ್ವ ಅವನಿಗೆ, ನಾನು ನಿಮ್ಮಜ್ಜನ ಜೊತೆ ಮೊದಲ ಸಲ ಟೆಂಟಿನಲ್ಲಿ ನೋಡಿದಾಗ ಇದರ ಕಾಲು ಎಷ್ಟು ಕೆಂಪಗಿದ್ದವು ಗೊತ್ತೇನು, ಎಂದಳು. ಆಗ ಬಣ್ಣವೇ ಇರಲಿಲ್ಲವಲ್ಲ ಅಜ್ಜಿ, ಎಂದು ಅವನು ತಿರುಗಿದ. ನಾನು ಕಣ್ಣಿನಲ್ಲೇ ಅವನನ್ನು ತಡೆದೆ. ಪರದೆಯ ಮೇಲೆ ಊಟಕ್ಕೆ ಎಲೆ ಹಾಕುತ್ತಿದ್ದರು. ಅವ್ವನ ಕೈ ಸೆರಗನ್ನು ಹುಡುಕುತ್ತಿತ್ತು.